ಊರೂರಿಗೆ ಬರುವ ಸಿಂಹಾಸನ

ಸುಗ್ಗಿ ಮುಗಿದು ಕಣದ ಧೂಳು ಇನ್ನೂ ಪೂರ್ತಿಯಾಗಿ ಅಡಗಿರದ ಮಾಘಮಾಸದ ಆರಂಭದಲ್ಲಿ, ನಡುನಾಡಿನ ಯಾವುದೋ ಒಂದು ಊರಿನ ಹೊರವಲಯದಲ್ಲಿ, ಕೆಲವೇ ವಾರಗಳ ಹಿಂದೆ ರಾಗಿಯೋ ಮೆಕ್ಕೆಜೋಳವೋ ನಿಂತಿದ್ದ ಹೊಲಗಳ ಕೂಳೆ ಕಿತ್ತು, ಬದು ತೆಗೆದು, ನೀರು ಚಿಮುಕಿಸಿ, ನೆಲವನ್ನು ಗಟ್ಟಿ ಮಾಡುತ್ತಾರೆ. ಒಂದು ಮಗ್ಗುಲಲ್ಲಿ ಸಹಸ್ರಾರು ಜನ ಕುಳಿತುಕೊಳ್ಳತಕ್ಕ ಮಂಟಪದ ಕಂಬಗಳು ಏಳುತ್ತಿದ್ದರೆ, ಇನ್ನೊಂದು ಮಗ್ಗುಲಲ್ಲಿ ದಾಸೋಹದ ಒಲೆಗಳಿಗಾಗಿ ಉದ್ದಕ್ಕೂ ಗುಂಡಿ ತೋಡುತ್ತಾರೆ. ಕೊಪ್ಪರಿಗೆಗಳು ಲಾರಿಯಿಂದ ಇಳಿಯುತ್ತವೆ. ಸುತ್ತಣ ಹಳ್ಳಿಗಳಿಂದ ಸೌದೆ, ತೆಂಗಿನಕಾಯಿ, ಕುಂಬಳಕಾಯಿ, ಅಕ್ಕಿಮೂಟೆಗಳನ್ನು ಹೊತ್ತ ಟ್ರ್ಯಾಕ್ಟರುಗಳು, ಡೊಳ್ಳಿನವರನ್ನು ಮುಂದಿಟ್ಟುಕೊಂಡು, ಒಂದರ ಹಿಂದೊಂದು ಬಂದು ನಿಲ್ಲುತ್ತವೆ. ಆ ಬಯಲಿನಲ್ಲಿ ಗುಡಿಯಿಲ್ಲ, ತೇರಿಲ್ಲ, ಹರಕೆ ತೀರಿಸುವ ದೇವರ ಕಟ್ಟೆಯೂ ಇಲ್ಲ. ಆದರೂ ಒಂಬತ್ತು ದಿನ ಅದು ಪುಣ್ಯಕ್ಷೇತ್ರವಾಗುತ್ತದೆ; ಹತ್ತನೆಯ ದಿನ ಮತ್ತೆ ಹೊಲವಾಗುತ್ತದೆ.

ಸಿರಿಗೆರೆಯ ಶ್ರೀ ತರಳಬಾಳು ಜಗದ್ಗುರು ಬೃಹನ್ಮಠವು ವರ್ಷಕ್ಕೊಂದು ಊರಿನಲ್ಲಿ ನಡೆಸುತ್ತ ಬಂದಿರುವ ತರಳಬಾಳು ಹುಣ್ಣಿಮೆ ಮಹೋತ್ಸವದ ಬಾಹ್ಯರೂಪ ಇದು. ಚಿತ್ರದುರ್ಗ, ದಾವಣಗೆರೆ, ಶಿವಮೊಗ್ಗ ಸೀಮೆಯವರಿಗೆ ಇದರ ಹೆಸರು ಚಿರಪರಿಚಿತ. ಪತ್ರಿಕೆಗಳಲ್ಲಿ ಮಂತ್ರಿಮಾನ್ಯರ ಭಾಷಣಗಳ ವರದಿಯನ್ನು ಎಲ್ಲರೂ ಓದಿರುತ್ತಾರೆ. ಆದರೆ ಈ ಉತ್ಸವ ಏಕೆ ಊರಿಂದೂರಿಗೆ ಸಂಚರಿಸುತ್ತದೆ, ಕೊನೆಯ ದಿನದ ಸಿಂಹಾಸನಾರೋಹಣದ ಅರ್ಥವೇನು, ಧರ್ಮೋತ್ಸವವೊಂದರ ವೇದಿಕೆಯಲ್ಲಿ ಕೆರೆ ತುಂಬಿಸುವ ಮಾತು ಏಕೆ ಬರುತ್ತದೆ ಎಂಬುದನ್ನು ಬಲ್ಲವರು, ಭಕ್ತರೊಳಗೂ, ನಾವು ಭಾವಿಸಿರುವುದಕ್ಕಿಂತ ಕಡಿಮೆ.

ಉಜ್ಜಿನಿಯ ಹುಣ್ಣಿಮೆ

ಪೀಠದ ಪರಂಪರೆಯು ತನ್ನ ಮೂಲವನ್ನು ಹನ್ನೆರಡನೆಯ ಶತಮಾನದ ಮರುಳಸಿದ್ಧನಲ್ಲಿ ಕಾಣುತ್ತದೆ. ಬಸವಾದಿ ಶರಣರ ಸಮಕಾಲೀನನೆಂದೂ, ರೇವಣಸಿದ್ಧನ ಶಿಷ್ಯನೆಂದೂ ಪ್ರಸಿದ್ಧನಾದ ಈ ಮಹಾನುಭಾವನು ಸಮಾಜದ ಅತ್ಯಂತ ಕೆಳಗಿನ ಅಂತಸ್ತಿನಲ್ಲಿ ಹುಟ್ಟಿ, ಊರೂರು ಅಲೆದು, ದೇವತೆಗಳ ಹೆಸರಿನಲ್ಲಿ ನಡೆಯುತ್ತಿದ್ದ ಪ್ರಾಣಿಬಲಿಯನ್ನೂ ಮಾಟಮಂತ್ರಗಳ ಭಯವನ್ನೂ ಎದುರಿಸಿ ನಿಂತನೆಂದು ಜನಪದರೂ ಕವಿಗಳೂ ಹೇಳುತ್ತ ಬಂದಿದ್ದಾರೆ. ದೇವಕವಿಯ ‘ಮರುಳಸಿದ್ಧ ಕಾವ್ಯ’ ಈ ಚರಿತೆಯನ್ನೇ ವಸ್ತುವಾಗಿ ಉಳ್ಳದ್ದು. ‘ವಿಶ್ವಬಂಧು’ ಎಂಬ ವಿಶೇಷಣವು ಅವನ ಹೆಸರಿನ ಮುಂದೆ ಇಂದಿಗೂ ನಿಲ್ಲುತ್ತದೆ.

ಇಂದಿನ ವಿಜಯನಗರ ಜಿಲ್ಲೆಯಲ್ಲಿರುವ ಉಜ್ಜಿನಿಯಲ್ಲಿ, ಒಂದು ಮಾಘ ಶುದ್ಧ ಪೂರ್ಣಿಮೆಯಂದು, ಮರುಳಸಿದ್ಧನು ತನ್ನ ಶಿಷ್ಯ ತೆಲಗುಬಾಳು ಸಿದ್ಧೇಶ್ವರನನ್ನು ಸದ್ಧರ್ಮ ಸಿಂಹಾಸನದ ಮೇಲೆ ಕುಳ್ಳಿರಿಸಿ, ಮಗುವನ್ನು ಹರಸುವ ತಂದೆಯಂತೆ “ತರಳಾ, ಬಾಳು” ಎಂದು ಆಶೀರ್ವದಿಸಿದನೆಂಬುದು ಪೀಠದ ಕಥನ. ಆ ಆಶೀರ್ವಾದವೇ ಪೀಠಕ್ಕೆ ಹೆಸರಾಯಿತು, ಆ ಹುಣ್ಣಿಮೆಯೇ ಪೀಠಕ್ಕೆ ಹಬ್ಬವಾಯಿತು. ಉತ್ತರದ ಕಡೆಯವರು ಭಾರತ ಹುಣ್ಣಿಮೆಯೆಂದು ಕರೆಯುವ, ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಜನ ಹರಿದುಹೋಗುವ ದಿನವೂ ಇದೇ.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ನಮ್ಮ ಬಹುತೇಕ ಉತ್ಸವಗಳು ದೇವರ ಕಲ್ಯಾಣವನ್ನೋ, ರಾಕ್ಷಸಸಂಹಾರವನ್ನೋ, ಸಿದ್ಧಪುರುಷನ ಐಕ್ಯವನ್ನೋ ಸ್ಮರಿಸುತ್ತವೆ. ಈ ಹುಣ್ಣಿಮೆ ಸ್ಮರಿಸುವುದು ಹಿರಿಯನು ಕಿರಿಯನಿಗೆ ಸ್ಥಾನ ಬಿಟ್ಟುಕೊಟ್ಟ ಗಳಿಗೆಯನ್ನು. ತಾನು ಗಳಿಸಿದ ಪೀಠವನ್ನು ಜೀವಿತಕಾಲದಲ್ಲಿಯೇ ಇನ್ನೊಬ್ಬನ ಕೈಗೆ ಒಪ್ಪಿಸಿ, ನೀನು ಬಾಳೆಂದು ಹರಸುವ ಔದಾರ್ಯವೇ ಇದರ ಧಾರ್ಮಿಕ ತಿರುಳು. ಅದನ್ನು ಮರೆತರೆ ಉಳಿದುದೆಲ್ಲ ಕೇವಲ ಸಡಗರವಾದೀತು.

ಮಠದಂಗಳವನ್ನು ದಾಟಿದ್ದು

ಶತಮಾನಗಳ ಕಾಲ ಇದು ಮಠದ ಒಳಗಿನ ವಿಧಿಯಾಗಿ ಉಳಿದಿತ್ತು. ಅದನ್ನು ಬಯಲಿಗೆ ತಂದವರು ಪೀಠದ ಇಪ್ಪತ್ತನೆಯ ಜಗದ್ಗುರುಗಳಾದ ಶ್ರೀ ಶಿವಕುಮಾರ ಶಿವಾಚಾರ್ಯ ಮಹಾಸ್ವಾಮಿಗಳು. 1914ರಲ್ಲಿ ಜನಿಸಿ, ಕಾಶಿಯಲ್ಲಿ ವ್ಯಾಸಂಗ ಮಾಡಿ, 1940ರಲ್ಲಿ ಪೀಠವನ್ನೇರಿದ ಅವರ ಕೈಗೆ ಬಂದದ್ದು ಸಿರಿಸಂಪತ್ತಿನ ಮಠವಲ್ಲ. ಕಲಹಗಳಿಂದ ಜರ್ಜರಿತವಾದ, ಮಳೆಯನ್ನೇ ನೆಚ್ಚಿದ ಬಡ ರೈತರ ಮಠ. ಶಿಷ್ಯರು ಮಠಕ್ಕೆ ಬರಲೆಂದು ಕಾಯುತ್ತ ಕುಳಿತುಕೊಳ್ಳುವುದಕ್ಕಿಂತ ಮಠವೇ ಶಿಷ್ಯರೆಡೆಗೆ ಹೋಗುವುದು ಯುಕ್ತವೆಂದು ಅವರು ನಿಶ್ಚಯಿಸಿದರು.

ಹಾಗೆ 1950ರಲ್ಲಿ ಮೊದಲ ಬಾರಿಗೆ ಸಾರ್ವಜನಿಕ ಮಹೋತ್ಸವವಾಗಿ ಹುಣ್ಣಿಮೆ ನಡೆದದ್ದು ಜಗಳೂರಿನಲ್ಲಿ. ಅದು ಅಂದು ಚಿತ್ರದುರ್ಗ ಜಿಲ್ಲೆಯದೇ ತಾಲ್ಲೂಕು. 1997ರಲ್ಲಿ ದಾವಣಗೆರೆ ಜಿಲ್ಲೆಗೆ ಸೇರಿತು. ವೀರಶೈವ ಮಠವೊಂದರ ಈ ಉತ್ಸವಕ್ಕೆ ಮುಂದೆ ನಿಂತು ದುಡಿದವರಲ್ಲಿ ಅಗ್ರಗಣ್ಯರು ಜಗಳೂರಿನ ಮಹಮ್ಮದ್ ಇಮಾಂ ಸಾಹೇಬರು: ಮೈಸೂರು ಸಂಸ್ಥಾನದಲ್ಲಿ ಮಂತ್ರಿಗಳಾಗಿದ್ದವರು, ಮುಂದೆ ಚಿತ್ರದುರ್ಗದಿಂದ ಲೋಕಸಭೆಗೆ ಆಯ್ಕೆಯಾದವರು. ಸೌಹಾರ್ದವನ್ನು ಕುರಿತ ಯಾವ ಭಾಷಣಕ್ಕಿಂತಲೂ ಈ ಒಂದು ಸಂಗತಿಯನ್ನು ನಾನು ದೊಡ್ಡದೆಂದು ಎಣಿಸುತ್ತೇನೆ. ಉತ್ಸವದ ಮೊದಲ ಹೆಜ್ಜೆಯಲ್ಲೇ ಅದು ಒಂದು ಪಂಗಡದ ಸೊತ್ತಾಗದೆ ಊರಿನ ಸೊತ್ತಾಯಿತು. ಅಂದಿನಿಂದ ಇದನ್ನು ಬರಮಾಡಿಕೊಳ್ಳುವುದು ಊರಿನ ಒಟ್ಟು ಮರ್ಯಾದೆಯ ಪ್ರಶ್ನೆಯಾಯಿತು.

ಅದೇ ಗುರುಗಳು ಸಿರಿಗೆರೆಯಲ್ಲಿ ಎಲ್ಲ ಜಾತಿಯ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಉಣ್ಣುವ ಉಚಿತ ವಿದ್ಯಾರ್ಥಿನಿಲಯವನ್ನು ನಡೆಸಿದರು. 1962ರಲ್ಲಿ ತರಳಬಾಳು ಜಗದ್ಗುರು ವಿದ್ಯಾಸಂಸ್ಥೆಯನ್ನು ಸ್ಥಾಪಿಸಿ ಹಳ್ಳಿಹಳ್ಳಿಗೆ ಶಾಲೆಗಳನ್ನು ಒಯ್ದರು. ಶರಣರ ಬಾಳನ್ನು ಜನರೆದುರು ತರಲೆಂದು ‘ಮರಣವೇ ಮಹಾನವಮಿ’, ‘ವಿಶ್ವಬಂಧು ಮರುಳಸಿದ್ಧ’ ಮುಂತಾದ ನಾಟಕಗಳನ್ನು ತಾವೇ ಬರೆದು, ಕಲಾಸಂಘ ಕಟ್ಟಿ ಆಡಿಸಿದರು. 1974ರಲ್ಲಿ, ಅರವತ್ತು ತುಂಬಿದಾಗ, ಪೀಠತ್ಯಾಗವನ್ನು ಘೋಷಿಸಿ ನಾಡನ್ನು ಬೆರಗುಗೊಳಿಸಿದರು. ಉಜ್ಜಿನಿಯ ಹುಣ್ಣಿಮೆಯ ಅರ್ಥವನ್ನು ಇದಕ್ಕಿಂತ ಸ್ಪಷ್ಟವಾಗಿ ಯಾರೂ ವ್ಯಾಖ್ಯಾನಿಸಲಾರರು. 1979ರಲ್ಲಿ ಇಂದಿನ ಜಗದ್ಗುರುಗಳಾದ ಡಾ. ಶಿವಮೂರ್ತಿ ಶಿವಾಚಾರ್ಯ ಮಹಾಸ್ವಾಮಿಗಳು ಪೀಠವನ್ನೇರಿದರು. ಹಿರಿಯ ಗುರುಗಳು 1992ರ ಸೆಪ್ಟೆಂಬರ್ 24ರಂದು ಲಿಂಗೈಕ್ಯರಾದರು.

ರೊಟ್ಟಿ ಬರುವ ದಾರಿ

ಉತ್ಸವದ ಯಂತ್ರ ನಡೆಯುವುದು ಹೇಗೆ? ಯಾವುದಾದರೊಂದು ಊರಿನವರು ಮಠಕ್ಕೆ ಬಂದು ಮುಂದಿನ ಹುಣ್ಣಿಮೆ ನಮ್ಮಲ್ಲಾಗಬೇಕೆಂದು ಬಿನ್ನವಿಸಿಕೊಳ್ಳುತ್ತಾರೆ. ಊರು ಗೊತ್ತಾದೊಡನೆ ಸ್ವಾಗತ ಸಮಿತಿ ರಚನೆಯಾಗುತ್ತದೆ. ಅದರ ಕೆಳಗೆ ದಾಸೋಹಕ್ಕೆ, ಮಂಟಪಕ್ಕೆ, ನೀರಿಗೆ, ವಸತಿಗೆ ಒಂದೊಂದು ಉಪಸಮಿತಿ. ಹಳ್ಳಿವಾರು ಸಭೆಗಳಾಗುತ್ತವೆ. ಅಡಿಕೆ ಬೆಳೆಯುವ ಊರು ಹಣ ಕೊಟ್ಟರೆ, ಭತ್ತದ ಊರು ಅಕ್ಕಿ ಕೊಡುತ್ತದೆ. ಎರಡೂ ಇಲ್ಲದ ಬೆದ್ದಲು ಸೀಮೆಯ ಊರು ಆಳು ಕೊಡುತ್ತದೆ, ರೊಟ್ಟಿ ಕೊಡುತ್ತದೆ.

ಈ ರೊಟ್ಟಿಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಏಕೆಂದರೆ ಉತ್ಸವದ ನಿಜವಾದ ಆಧಾರಸ್ತಂಭ ಇದೇ ಎಂದು ನನ್ನ ನಂಬಿಕೆ. ಹುಣ್ಣಿಮೆಗೆ ಹಲವು ದಿನ ಮೊದಲೇ ಹಳ್ಳಿಯ ಹೆಣ್ಣುಮಕ್ಕಳು ನಾಲ್ಕೈದು ಮನೆಯವರು ಒಂದು ಪಡಸಾಲೆಯಲ್ಲಿ ಸೇರುತ್ತಾರೆ. ಕುದಿವ ಎಸರಿಗೆ ಜೋಳದ ಹಿಟ್ಟು ಸುರಿದು, ಬಿಸಿಯಾರುವ ಮುನ್ನವೇ ಅಂಗೈ ಒತ್ತಿ ನಾದಿ, ಉಂಡೆ ಮಾಡಿ, ಒಣಹಿಟ್ಟು ಉದುರಿಸಿದ ಕಲ್ಲಿನ ಮೇಲೆ ತಟ್ಟುತ್ತ ತಿರುಗಿಸುತ್ತ ತೆಳ್ಳಗೆ ಮಾಡಿ ಹಂಚಿಗೆ ಹಾಕುತ್ತಾರೆ; ಮೇಲ್ಭಾಗಕ್ಕೆ ಒದ್ದೆ ಬಟ್ಟೆ ಸವರಿ, ಮಗುಚಿ, ಉಬ್ಬಿದ ರೊಟ್ಟಿಯನ್ನು ಒಲೆಯ ಬಾಯಿಯ ಕೆಂಡಕ್ಕೆ ಒರಗಿಸಿ ಗರಿಗರಿ ಆಗುವವರೆಗೆ ಕಾಯಿಸುತ್ತಾರೆ. ಹೀಗೆ ಖಡಕ್ಕಾದ ರೊಟ್ಟಿ ಬಹುಕಾಲ ಕೆಡದು. ಬಿಳಿಯ ಬಟ್ಟೆ ಹಾಸಿದ ಪುಟ್ಟಿಯಲ್ಲಿ ಒಂದರ ಮೇಲೊಂದರಂತೆ ಜೋಡಿಸಿ, ಜೊತೆಗೆ ಶೇಂಗಾ ಚಟ್ನಿಪುಡಿಯನ್ನೋ ಗುರೆಳ್ಳು ಪುಡಿಯನ್ನೋ ಡಬ್ಬಿಯಲ್ಲಿ ತುಂಬಿ, ಟ್ರ್ಯಾಕ್ಟರಿಗೆ ಏರಿಸಿ, ಬಾಜಾಭಜಂತ್ರಿಯೊಡನೆ ದಾಸೋಹದ ಮನೆಗೆ ಒಪ್ಪಿಸಿ ಬರುತ್ತಾರೆ.

ಆ ರೊಟ್ಟಿಯನ್ನು ಯಾರು ತಟ್ಟಿದರೆಂದು ಉಣ್ಣುವವರು ಕೇಳುವುದಿಲ್ಲ. ಯಾರು ಉಂಡರೆಂದು ತಟ್ಟಿದವರಿಗೂ ತಿಳಿಯದು. ಹನ್ನೆರಡನೆಯ ಶತಮಾನದ ಶರಣರು ಕಾಯಕ ದಾಸೋಹಗಳೆಂದು ಯಾವ ಎರಡನ್ನು ಧರ್ಮದ ಜೋಡುಗಾಲಿಗಳಾಗಿ ಎಣಿಸಿದರೋ ಅವೆರಡೂ ಈ ಪುಟ್ಟಿಯೊಳಗೆ ಕೂಡಿಬಂದಿವೆ. ಭಾಷಣದಲ್ಲಿ ಕೇಳಿ ಅರ್ಥವಾಗದುದು ಪಂಕ್ತಿಯಲ್ಲಿ ಕುಳಿತಾಗ ಅರ್ಥವಾಗುತ್ತದೆ.

ಒಂಬತ್ತು ಇರುಳು

ಉತ್ಸವದ ಪ್ರಾಣ ಇರುವುದು ಸಂಜೆಗಳಲ್ಲಿ. ಹಗಲು ಕುಸ್ತಿ, ಕೃಷಿ ಪ್ರದರ್ಶನ, ಅಂಗಡಿಸಾಲು, ಮಕ್ಕಳ ತಿರುಗುಣಿ ಎಲ್ಲವೂ ಉಂಟು. ಅವು ಯಾವ ಜಾತ್ರೆಯಲ್ಲಾದರೂ ಇರತಕ್ಕವೇ. ಹೊತ್ತು ಮುಳುಗಿದ ಮೇಲೆ ವಚನಗಾಯನ ಆರಂಭವಾಗುತ್ತದೆ. ಹೊರನಾಡಿನಿಂದ, ಹೊರಮತಗಳಿಂದ ಕರೆಸಿದ ವಿದ್ವಾಂಸರು ನಿಯಮಿತ ವಿಷಯದ ಮೇಲೆ ಮಾತನಾಡುತ್ತಾರೆ. ಶಾಲಾಮಕ್ಕಳ ನೃತ್ಯರೂಪಕಗಳು, ನಾಟಕಗಳು ನಡುನಡುವೆ ಬರುತ್ತವೆ. ಎಲ್ಲರ ಮಾತು ಮುಗಿದ ಬಳಿಕ, ರಾತ್ರಿ ಎಷ್ಟೇ ಆಗಿರಲಿ, ಜಗದ್ಗುರುಗಳ ಆಶೀರ್ವಚನ.

ಸಿರಿಗೆರೆಯ ವಿದ್ಯಾರ್ಥಿಗಳ ಮಲ್ಲಕಂಬವನ್ನು ನೋಡಲೆಂದೇ ಬರುವವರಿದ್ದಾರೆ. ಹರಳೆಣ್ಣೆ ಸವರಿದ ನುಣುಪಾದ ಕಂಬದ ತುದಿಗೆ ಹುಡುಗನೊಬ್ಬ ಕಣ್ಣೆವೆಯಿಕ್ಕುವಷ್ಟರಲ್ಲಿ ಏರಿ, ತೊಡೆಗಳ ಬಿಗಿಯಲ್ಲಿ ಮಾತ್ರ ನಿಂತು, ತಲೆಕೆಳಗಾಗಿ ಕೈಜೋಡಿಸುತ್ತಾನೆ. ಪಕ್ಕದಲ್ಲಿ ತೂಗುವ ಹಗ್ಗದ ಮೇಲೆ ಇನ್ನೊಂದು ತಂಡ ಯೋಗಾಸನಗಳನ್ನು ಹೆಣೆಯುತ್ತದೆ. ಹಳ್ಳಿಯ ಬಡ ಮನೆಗಳಿಂದ ವಿದ್ಯಾರ್ಥಿನಿಲಯಕ್ಕೆ ಬಂದ ಮಕ್ಕಳು ಇವರು. ತನ್ನ ಊರಿನ ಪಕ್ಕದ ಹುಡುಗ ಅಷ್ಟು ಜನರೆದುರು ಹಾಗೆ ನಿಂತುದನ್ನು ಕಂಡ ತಾಯಿಯೊಬ್ಬಳು ತನ್ನ ಮಗನನ್ನೂ ಶಾಲೆಗೆ ಹಾಕುವ ಮನಸ್ಸು ಮಾಡಿದರೆ, ಉತ್ಸವದ ವೆಚ್ಚವೆಲ್ಲ ಸಾರ್ಥಕ.

ನಾಟಕದ ಅಭಿರುಚಿ ಇದೇ ಪರಂಪರೆಯ ಇನ್ನೊಂದು ಕವಲಾಗಿ ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯಲ್ಲಿ ಬೆಳೆಯಿತು. ಅಲ್ಲಿಯ ಶಾಖಾಮಠದ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು 1997ರಲ್ಲಿ ಆರಂಭಿಸಿದ ‘ಶಿವಸಂಚಾರ’ ರೆಪರ್ಟರಿ ಕನ್ನಡ ರಂಗಭೂಮಿಯ ಗಣ್ಯ ತಂಡಗಳಲ್ಲೊಂದು.

ಜಾತ್ರೆಗೂ ಹುಣ್ಣಿಮೆಗೂ ಇರುವ ಅಂತರ

ಚಿತ್ರದುರ್ಗ ಸೀಮೆ ಜಾತ್ರೆಗಳ ಸೀಮೆ. ಫಾಲ್ಗುಣದಲ್ಲಿ ನಾಯಕನಹಟ್ಟಿ ತಿಪ್ಪೇರುದ್ರಸ್ವಾಮಿಯ ದೊಡ್ಡ ತೇರು ಎಳೆದಾಗ ಮೂರು ಜಿಲ್ಲೆಗಳ ಜನ ಸೇರುತ್ತಾರೆ. ಗೌರಸಮುದ್ರದ ಮಾರಮ್ಮನಿಗೆ ನಡೆಯುವ ಜಾತ್ರೆಗೆ ಆಂಧ್ರದಿಂದಲೂ ಬರುತ್ತಾರೆ. ಹಿರಿಯೂರಿನ ತೇರುಮಲ್ಲೇಶ್ವರನ ರಥೋತ್ಸವ ಪುರಾತನವಾದುದು. ಇವೆಲ್ಲವುಗಳಲ್ಲಿ ದೇವರು ಒಂದೆಡೆ ನೆಲೆಸಿದ್ದಾನೆ, ಜನ ಅವನೆಡೆಗೆ ನಡೆಯುತ್ತಾರೆ. ನೆಲವೇ ಅಲ್ಲಿ ಪವಿತ್ರ.

ತರಳಬಾಳು ಹುಣ್ಣಿಮೆ ಇದನ್ನು ತಿರುವಿಹಾಕಿತು. ಇಲ್ಲಿ ಯಾವ ನೆಲವೂ ಮೊದಲೇ ಪವಿತ್ರವಲ್ಲ. ಸಿಂಹಾಸನ ಬಂದಲ್ಲಿ, ಜನ ಕೂಡಿದಲ್ಲಿ, ಒಂಬತ್ತು ದಿನದ ಮಾತಿಗೂ ಊಟಕ್ಕೂ ಸಾಕ್ಷಿಯಾದಲ್ಲಿ ಪಾವಿತ್ರ್ಯ ಹುಟ್ಟುತ್ತದೆ. ಸ್ಥಾವರಕ್ಕಿಂತ ಜಂಗಮ ಹಿರಿದೆಂದ ಶರಣಧರ್ಮಕ್ಕೆ ಇದಕ್ಕಿಂತ ಅನುರೂಪವಾದ ಹಬ್ಬದ ರೂಪವನ್ನು ಕಲ್ಪಿಸುವುದು ಕಷ್ಟ.

ದೂರದೇಶದ ಒಂದು ನಿದರ್ಶನ ಇದನ್ನು ಇನ್ನಷ್ಟು ಬೆಳಗೀತು. ಫಿಲಿಪ್ಪೀನ್ಸ್ ದ್ವೀಪಗಳಲ್ಲಿ ಬಹುತೇಕ ಪ್ರತಿ ಊರಿಗೂ ಒಬ್ಬ ರಕ್ಷಕ ಸಂತನಿದ್ದಾನೆ. ಆತನ ದಿನಕ್ಕೆ ಮುನ್ನ ಒಂಬತ್ತು ದಿನಗಳ ಪ್ರಾರ್ಥನೆ ನಡೆಸಿ, ಕೊನೆಯ ದಿನ ಮೆರವಣಿಗೆ, ಊಟ, ಕುಣಿತಗಳಲ್ಲಿ ಊರೆಲ್ಲ ಒಂದಾಗುವ ‘ಫಿಯೆಸ್ತಾ’ ಅಲ್ಲಿಯ ಸಮಾಜದ ಬೆನ್ನೆಲುಬು. ಲುಕ್ಬಾನ್ ಎಂಬ ಊರಿನಲ್ಲಿ ಮೇ 15ರಂದು, ರೈತರ ಸಂತನಾದ ಸಾನ್ ಇಸಿದ್ರೋನ ಹಬ್ಬಕ್ಕೆ, ಬೆಳೆದ ಫಲಧಾನ್ಯಗಳಿಂದಲೂ ಅಕ್ಕಿಹಿಟ್ಟಿನಿಂದ ಎಲೆಯಾಕಾರದಲ್ಲಿ ಮಾಡಿದ ಬಣ್ಣದ ಹಪ್ಪಳಗಳಿಂದಲೂ ಮನೆಮನೆಯ ಮುಂಭಾಗವನ್ನು ಸಿಂಗರಿಸುತ್ತಾರೆ. ಸೆಬು ನಗರದಲ್ಲಿ ಜನವರಿಯ ಮೂರನೆಯ ಭಾನುವಾರ ಪೂಜೆಗೊಳ್ಳುವುದು ಬಾಲಯೇಸುವಿನ ಮೂರ್ತಿ. 1521ರಲ್ಲಿ ಮೆಜೆಲ್ಲನ್ ತಂದುಕೊಟ್ಟದ್ದೆಂದು ಅದಕ್ಕೆ ಐದು ಶತಮಾನಗಳ ಇತಿಹಾಸವಿದೆ. ಸ್ಪೇನಿನವರು ತಂದ ಮತ, ಆ ನೆಲದ ಹಳೆಯ ಸುಗ್ಗಿಸಂಭ್ರಮ ಎರಡೂ ಅಲ್ಲಿ ಬೆರೆತುಹೋಗಿವೆ.

ಒಂಬತ್ತು ದಿನಗಳ ವ್ರತ, ಸುಗ್ಗಿಯ ಕೃತಜ್ಞತೆ, ಹಸಿದವನಿಗೂ ಅತಿಥಿಗೂ ಒಂದೇ ಊಟ: ಇಷ್ಟರಲ್ಲಿ ಆ ದ್ವೀಪವಾಸಿಗಳೂ ನಮ್ಮ ಬೆದ್ದಲು ಸೀಮೆಯವರೂ ಬಂಧುಗಳೇ. ಆದರೆ ಅವರ ಸಂತನು ತನ್ನ ಊರನ್ನು ಬಿಟ್ಟು ಕದಲುವುದಿಲ್ಲ. ಈ ವರ್ಷದ ಊರನ್ನು ಬಿಟ್ಟು ಮುಂದಿನ ವರ್ಷ ಇನ್ನೊಂದು ಊರಿಗೆ ನಡೆಯುವ ಹಬ್ಬ ನಮ್ಮದು.

ನೀರಿನ ಮಾತು

ಇನ್ನು, ಧರ್ಮದ ವೇದಿಕೆಯಲ್ಲಿ ನೀರಾವರಿಯ ಮಾತೇಕೆ ಎಂಬ ಪ್ರಶ್ನೆ. ಈ ಸೀಮೆಯ ಮಳೆಯನ್ನು ಬಲ್ಲವರು ಆ ಪ್ರಶ್ನೆಯನ್ನು ಕೇಳಲಾರರು. ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಯನ್ನು ಜನ ಇಂದಿಗೂ ನೆನೆಯುವುದು ಕೆರೆ ಕಟ್ಟಿಸಿದ ಗುರುವೆಂದು, ದುಡಿದಷ್ಟು ಕೂಲಿ ಕೊಟ್ಟ ಗುರುವೆಂದು. ಬರದ ನಾಡಿನಲ್ಲಿ ನೀರು ತರುವವನೇ ಸಂತ.

2018ರ ಹುಣ್ಣಿಮೆ ಮತ್ತೆ ಜಗಳೂರಿನಲ್ಲಿ ನಡೆದಾಗ, ತುಂಗಭದ್ರೆಯಿಂದ ಆ ತಾಲ್ಲೂಕಿನ 57 ಕೆರೆಗಳನ್ನು ತುಂಬಿಸಬೇಕೆಂಬ ಬೇಡಿಕೆ ಮುಖ್ಯಮಂತ್ರಿಗಳೆದುರು ಮೊಳಗಿತು. 2020ರಲ್ಲಿ ಹಳೇಬೀಡಿನಲ್ಲಿ ನಡೆದಾಗ, ಬೇಲೂರು ಹಳೇಬೀಡು ಸೀಮೆಯ ರೈತರು ವರ್ಷಗಳಿಂದ ಹೋರಾಡುತ್ತಿದ್ದ ರಣಘಟ್ಟ ಯೋಜನೆ ಮಾತಿನ ಕೇಂದ್ರವಾಯಿತು. 2023ರಲ್ಲಿ ಕೊಟ್ಟೂರಿಗೆ, ಅಂದರೆ ಮೂಲದ ಉಜ್ಜಿನಿಯ ನೆರೆಗೇ, ಹೋದ ಹುಣ್ಣಿಮೆ 2025ರಲ್ಲಿ ಸಿರಿಗೆರೆಯ ಮಗ್ಗುಲಿನ ಭರಮಸಾಗರಕ್ಕೆ ಬಂದಿತು. ದುರ್ಗದ ಪಾಳೆಯಗಾರ ಭರಮಣ್ಣ ನಾಯಕನ ಹೆಸರನ್ನು ಹೊತ್ತ ಅಲ್ಲಿಯ ದೊಡ್ಡ ಕೆರೆ, ದಶಕಗಳ ಕಾಲ ಬರಿದಾಗಿದ್ದು, ತುಂಗಭದ್ರೆಯ ನೀರನ್ನು ಕೊಳವೆಯಲ್ಲಿ ಏರಿಸಿ ತಂದ ಏತನೀರಾವರಿಯಿಂದ ತುಂಬಿದ್ದು ಅದಕ್ಕೆ ನಾಲ್ಕು ವರ್ಷ ಮೊದಲಷ್ಟೆ.

ಗುರುಪೀಠವೊಂದು ಸರ್ಕಾರದ ಬಾಗಿಲು ತಟ್ಟುವುದು ಸರಿಯೇ ಎಂದು ಕೆಲವರು ಆಕ್ಷೇಪಿಸುವುದುಂಟು. ಬೇಡಿದ್ದು ಮಠಕ್ಕಾಗಿ ಅಲ್ಲದೆ ಕೆರೆಗಾಗಿಯಾದರೆ ಅದರಲ್ಲಿ ದೋಷವನ್ನು ನಾನು ಕಾಣೆ. ತುಂಬಿದ ಕೆರೆ ಯಾರ ಜಾತಿಯನ್ನೂ ಕೇಳದೆ ಎಲ್ಲರ ಬಾವಿಗೂ ಜಲ ಕೊಡುತ್ತದೆ. ನನ್ನ ಆಕ್ಷೇಪವಿರುವುದು ಬೇರೆಡೆ. ವೇದಿಕೆಯ ಮೇಲೆ ಕುರ್ಚಿಗಳು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿವೆ. ಹಾರ ಶಾಲುಗಳ ಸನ್ಮಾನಕ್ಕೆ ಹಿಡಿಯುವ ಹೊತ್ತು ವಿದ್ವಾಂಸನ ಮಾತಿನ ಹೊತ್ತನ್ನು ನುಂಗುತ್ತಿದೆ. ಹತ್ತು ಮೈಲಿ ದೂರದಿಂದ ಮಕ್ಕಳನ್ನು ಕಟ್ಟಿಕೊಂಡು ಬಂದ ರೈತಮಹಿಳೆ ಕಾಯುತ್ತಿರುವುದು ಸ್ವಾಗತಭಾಷಣಕ್ಕಲ್ಲ. ಕೇಳಿಸಿಕೊಳ್ಳುವುದೇ ಈ ಹಬ್ಬದ ಪೂಜೆಯಾಗಿರುವಾಗ, ಮಾತಿನ ಮಿತಿಯೇ ಅದರ ಮಡಿ ಎಂಬುದನ್ನು ಸಮಿತಿಯವರು ನೆನೆಯಬೇಕು.

ಹುಣ್ಣಿಮೆಯ ದಿನ

ಒಂಬತ್ತನೆಯ ದಿನ ಪೂರ್ಣಿಮೆ. ಆ ಸಂಜೆ ಜಗದ್ಗುರುಗಳು ಸದ್ಧರ್ಮ ಸಿಂಹಾಸನವನ್ನೇರಿ ನೆರೆದ ಸಮಸ್ತರಿಗೂ “ತರಳಾ, ಬಾಳು” ಎಂದು ಹರಸುತ್ತಾರೆ. ಉಜ್ಜಿನಿಯಲ್ಲಿ ಒಬ್ಬ ಶಿಷ್ಯನಿಗೆ ಹೇಳಿದ ಮಾತನ್ನು ಇಲ್ಲಿ ಲಕ್ಷ ಜನರಿಗೆ ಹೇಳಲಾಗುತ್ತದೆ. ಎಂಬತ್ತರ ಮುದುಕನೂ ಹಸುಳೆಯೂ ಆ ಗಳಿಗೆಯಲ್ಲಿ ಒಂದೇ ಪೀಠದ ಮಕ್ಕಳು. ಅಧಿಕಾರದ ಗದ್ದುಗೆಯನ್ನೇರಿದವರು ಕಪ್ಪಕಾಣಿಕೆ ಕೇಳುವುದು ಲೋಕರೂಢಿ. ಇಲ್ಲಿ ಏರಿದವರು ಕೆಳಗೆ ಕುಳಿತವರ ಬಾಳನ್ನು ಬಯಸುತ್ತಾರೆ, ಮತ್ತೇನನ್ನೂ ಕೇಳುವುದಿಲ್ಲ.

ಓದುಗರಲ್ಲಿ ಒಂದು ವಿಜ್ಞಾಪನೆ. ಮುಂದಿನ ಮಾಘದಲ್ಲಿ ನಿಮ್ಮ ಸೀಮೆಯ ಹತ್ತಿರ ಈ ಮಹೋತ್ಸವ ನಡೆಯುವುದಾದರೆ, ನೀವು ಯಾವ ಮತದವರಾಗಿದ್ದರೂ, ಒಂದು ಸಂಜೆಯನ್ನು ಅದಕ್ಕಾಗಿ ಎತ್ತಿಡಿ. ಗಣ್ಯರು ಬರುವ ದಿನವನ್ನು ಬಿಟ್ಟು ನಡುವಣ ಒಂದು ದಿನವನ್ನು ಆರಿಸಿಕೊಳ್ಳಿ. ಮೊದಲು ದಾಸೋಹದ ಪಂಕ್ತಿಯಲ್ಲಿ ಕುಳಿತು ರೊಟ್ಟಿ ಉಣ್ಣಿ, ಅನಂತರ ಮಂಟಪಕ್ಕೆ ಹೋಗಿ ಕೊನೆಯ ಮಾತಿನವರೆಗೂ ಕುಳಿತು ಕೇಳಿ. ಸಾಧ್ಯವಾದರೆ ನಿಮ್ಮ ಪಾಲಿನ ಒಂದು ಸೇರು ಹಿಟ್ಟನ್ನು ಯಾವುದಾದರೂ ಹಳ್ಳಿಯ ಪುಟ್ಟಿಗೆ ಸೇರಿಸಿರಿ.